ಪಾಲ್, ಹಾಲು, ಆಲು: ಒಂದೇ ಭಾಷೆಯೊಳಗೆ ಇಷ್ಟು ಬಗೆಯ ಮಾತು ಯಾಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹುಟ್ಟಿದ್ದು ಶನಿವಾರಸಂತೆ ಕಡೆ. ಹೈಸ್ಕೂಲಿಗೆ ಬಂದಿದ್ದು ಮಡಿಕೇರಿಗೆ. ಈಗ ಮಕ್ಕಳಿಗೆ ಕನ್ನಡ ಪಾಠ ಮಾಡುತ್ತೇನೆ. ಕೊಡಗಿನಲ್ಲಿ ಕನ್ನಡ ಮೇಷ್ಟ್ರು ಅಂದರೆ ಮದುವೆ ಮನೆಯಲ್ಲೂ ಸಂತೆಯಲ್ಲೂ ಮಾತಿನ ಬಗ್ಗೆ ಪ್ರಶ್ನೆ ತಪ್ಪುವುದಿಲ್ಲ. "ನಮ್ಮ ಮಾತು ಕನ್ನಡವೇ ಹೌದಾ?", "ಇವರು ಯಾಕೆ ಹೀಗೆ ಎಳೆದು ಮಾತಾಡ್ತಾರೆ?", "ಮಗು ಮನೆ ಮಾತೇ ಆಡ್ತಾನೆ, ಏನು ಮಾಡೋದು?" ಹೀಗೆ ಜನ ಮತ್ತೆ ಮತ್ತೆ ಕೇಳಿದ್ದನ್ನೆಲ್ಲ ಇಲ್ಲಿ ಒಟ್ಟು ಮಾಡಿ ಉತ್ತರ ಬರೆದಿದ್ದೇನೆ.

ಒಳನುಡಿ ಅಂದರೆ ಏನು?

ಒಂದು ಭಾಷೆಯನ್ನು ಒಂದು ಊರಿನವರು, ಒಂದು ಸೀಮೆಯವರು ಅಥವಾ ಒಂದು ಗುಂಪಿನವರು ತಮ್ಮದೇ ರೀತಿಯಲ್ಲಿ ಆಡಿದರೆ ಅದು ಒಳನುಡಿ. ಉಪಭಾಷೆ ಅಂತಲೂ ಹೇಳುತ್ತಾರೆ. ನನಗೆ ಒಳನುಡಿ ಅನ್ನುವ ಪದವೇ ಇಷ್ಟ. 'ಉಪ' ಅಂದ ಕೂಡಲೇ ಮೇಲೊಂದು, ಕೆಳಗೊಂದು ಅನ್ನುವ ಹಾಗೆ ಕೇಳುತ್ತದೆ.

ಮೈಸೂರಿನಿಂದ ಮಂಗಳೂರಿಗೆ ಹೋಗುವ ಬಸ್ಸು ಹತ್ತಿ ಕೂತು ನೋಡಿ. ಹುಣಸೂರು, ಪಿರಿಯಾಪಟ್ಟಣದ ಕಡೆಯವರು ಹತ್ತಿದಾಗ "ಸೀಟ್ ಐತಾ?", "ಇಲ್ ಅದೆ ಬನ್ನಿ" ಅಂತ ಕೇಳುತ್ತದೆ. ಕಾವೇರಿ ಸೇತುವೆ ದಾಟಿ ಕುಶಾಲನಗರ, ಸುಂಟಿಕೊಪ್ಪ, ಮಡಿಕೇರಿಗೆ ಬಂದರೆ "ಇದೆ" ಜಾಸ್ತಿ. ಸಂಪಾಜೆ ಘಾಟಿ ಇಳಿದು ಸುಳ್ಯದಲ್ಲಿ ಹತ್ತಿದವರು "ಸೀಟುಂಟಾ?" ಅನ್ನುತ್ತಾರೆ. ಅವರಲ್ಲೇ ಅರೆಭಾಷೆ ಅನ್ನುವ ಒಳನುಡಿ ಆಡುವ ಗೌಡರು ತಮ್ಮ ತಮ್ಮಲ್ಲಿ ಮಾತಾಡುವಾಗ ಅದು "ಉಟ್ಟು" ಆಗುತ್ತದೆ. ಧಾರವಾಡದಲ್ಲಿ ಇದೇ "ಐತಿ", ಕಲಬುರಗಿಯಲ್ಲಿ "ಅದ". ಹೇಳುವ ವಿಷಯ ಒಂದೇ, ಆಡುವ ರೂಪ ಏಳು. ಇದರಲ್ಲಿ ಯಾವುದೂ ಕನ್ನಡ ಅಲ್ಲ ಅನ್ನಲು ಆಗುವುದಿಲ್ಲ.

ಇನ್ನೊಂದು ಮಾತು. ಒಳನುಡಿ ಹಳ್ಳಿಯವರಿಗೆ ಮಾತ್ರ ಇರುವುದು ಅಂತ ತುಂಬ ಜನ ಅಂದುಕೊಂಡಿದ್ದಾರೆ. ಅದು ಸರಿಯಲ್ಲ. ಬೆಂಗಳೂರಿನ ಬಸವನಗುಡಿಯವರು ಆಡುವುದೂ ಒಂದು ಒಳನುಡಿಯೇ. ಬಾಯಿ ಬಿಟ್ಟು ಮಾತಾಡುವ ಪ್ರತಿಯೊಬ್ಬರೂ ಯಾವುದೋ ಒಂದು ಒಳನುಡಿಯಲ್ಲೇ ಮಾತಾಡುತ್ತಾರೆ.

ಒಂದೇ ಭಾಷೆ ಆಡುತ್ತಿದ್ದವರ ಮಾತು ಬೇರೆ ಬೇರೆ ಆಗುವುದು ಹೇಗೆ?

ಎರಡು ಸಂಗತಿ ಒಟ್ಟಿಗೆ ನಡೆಯಬೇಕು. ಒಂದು, ಮಾತು ಬದಲಾಗುತ್ತಲೇ ಇರಬೇಕು. ಎಲ್ಲ ಭಾಷೆಯಲ್ಲೂ ಇದು ನಡೆಯುತ್ತದೆ, ಯಾರೂ ತಡೆಯಲು ಆಗಿಲ್ಲ. ಎರಡು, ಒಂದು ಕಡೆ ಆದ ಬದಲಾವಣೆ ಇನ್ನೊಂದು ಕಡೆಗೆ ತಲುಪಬಾರದು. ನಡುವೆ ಬೆಟ್ಟ ಇರಬಹುದು, ಗಡಿ ಇರಬಹುದು, ಹೆಣ್ಣು ಕೊಟ್ಟು ತರುವ ಸಂಬಂಧ ಇಲ್ಲದೆ ಇರಬಹುದು. ಕೂಡಿ ಮಾತಾಡುವವರ ಮಾತು ಕೂಡಿಯೇ ಬದಲಾಗುತ್ತದೆ. ಮಾತುಕತೆ ಕಡಿಮೆಯಾದವರ ಮಾತು ತನ್ನ ದಾರಿ ಹಿಡಿಯುತ್ತದೆ.

ಹತ್ತಿರದಿಂದ ನೋಡಬೇಕು ಅಂದರೆ ನಮ್ಮ ಅಡುಗೆ ಮನೆಗೇ ಬನ್ನಿ. ಕೊಡಗಿಗೆ ಬಂದವರಿಗೆಲ್ಲ ಪಂದಿ ಕರಿ ಗೊತ್ತು. ಪಂದಿ ಅಂದರೆ ಕನ್ನಡದ ಹಂದಿ. ಅದಕ್ಕೆ ಹಾಕುವ ಕಪ್ಪು ಹುಳಿ ಕಾಚಂಪುಳಿ. ಆ ಕೊನೆಯ 'ಪುಳಿ' ನಮ್ಮ ಹುಳಿಯೇ. ಹೊಸ ಭತ್ತದ ಕದಿರು ಮನೆಗೆ ತರುವ ಹಬ್ಬವನ್ನು ಕೊಡವರು ಪುತ್ತರಿ ಅನ್ನುತ್ತಾರೆ, ಕನ್ನಡದಲ್ಲಿ ನಾವು ಹುತ್ತರಿ ಅನ್ನುತ್ತೇವೆ. ಪಾಲ್–ಹಾಲು, ಪೂ–ಹೂ, ಪಣ–ಹಣ. ಎಲ್ಲ ಕಡೆ ಒಂದೇ ಲೆಕ್ಕ.

ಹಳಗನ್ನಡದಲ್ಲಿ ಈ ಪದಗಳೆಲ್ಲ 'ಪ'ದಿಂದಲೇ ಶುರುವಾಗುತ್ತಿದ್ದವು. 'ಹಳಗನ್ನಡ' ಅನ್ನುವ ಪದವೇ ಆಗ 'ಪಳಗನ್ನಡ' ಆಗಿತ್ತು. ಹತ್ತನೇ ಶತಮಾನದ ಆಸುಪಾಸಿನಿಂದ ಕನ್ನಡಿಗರ ಬಾಯಲ್ಲಿ ಪದದ ಮೊದಲ 'ಪ' ಸಡಿಲವಾಗಿ 'ಹ' ಆಗತೊಡಗಿತು. ನಾಲ್ಕೈದು ನೂರು ವರ್ಷದಲ್ಲಿ ಹೆಚ್ಚು ಕಡಿಮೆ ಪೂರ್ತಿಯಾಯಿತು. ಕೊಡವ ತಕ್ಕ್ (ಕೊಡವರ ಭಾಷೆ), ತುಳು, ತಮಿಳು, ಮಲಯಾಳಗಳಲ್ಲಿ ಆ ಬದಲಾವಣೆ ಆಗಲಿಲ್ಲ. ತುಳುವಿನಲ್ಲಿ ಹುಲಿ ಇವತ್ತಿಗೂ ಪಿಲಿಯೇ.

ಇದು ಎಷ್ಟು ಕಟ್ಟುನಿಟ್ಟಾಗಿ ನಡೆದಿದೆ ನೋಡಿ. ಅಪ್ಪ, ತುಪ್ಪ, ಉಪ್ಪು ಇವುಗಳಲ್ಲಿ 'ಪ' ಹಾಗೇ ಉಳಿದಿದೆ. ಯಾಕೆಂದರೆ ಅಲ್ಲಿ ಅದು ಒತ್ತಕ್ಷರ, ಪದದ ನಡುವೆ ಇದೆ. ಪುಸ್ತಕ, ಪೂಜೆ ಸಂಸ್ಕೃತದಿಂದ ಬಂದವು, ಅವೂ ಉಳಿದುಕೊಂಡವು. ಯಾರೂ ಕೂತು ನಿಯಮ ಮಾಡಲಿಲ್ಲ. ಆದರೂ ಲಕ್ಷಾಂತರ ಜನರ ಬಾಯಲ್ಲಿ ಒಂದೇ ನಿಯಮ ನಡೆಯಿತು. ಪ್ರತಿ ವರ್ಷ ಮಕ್ಕಳಿಗೆ ಇದನ್ನು ಹೇಳುವಾಗ ನನಗೆ ಮೈ ಜುಮ್ಮೆನ್ನುತ್ತದೆ.

'ಹ' ಬಿಟ್ಟು ಮಾತಾಡುವುದು ತಪ್ಪು ತಾನೇ?

ಈ ಪ್ರಶ್ನೆಗೆ ನಾನು ತಾಳ್ಮೆಯಿಂದ ಉತ್ತರ ಕೊಡುತ್ತೇನೆ, ಯಾಕೆಂದರೆ ಇದು ನನ್ನದೇ ಕಥೆ.

ನಮ್ಮ ಶನಿವಾರಸಂತೆ, ಕೊಡ್ಲಿಪೇಟೆ ಹಾಸನ ಜಿಲ್ಲೆಗೆ ಅಂಟಿಕೊಂಡ ಊರುಗಳು. ನಮ್ಮ ಮನೆಯಲ್ಲಿ ಹಾಲು 'ಆಲು', ಹಸು 'ಅಸು', ಹಾಸನ 'ಆಸನ'. ಎಂಟನೇ ಕ್ಲಾಸಿಗೆ ಮಡಿಕೇರಿಯ ಒಂದು ಶಾಲೆಗೆ ಸೇರಿದೆ. ಮೊದಲ ವಾರವೇ ಪಾಠ ಓದಲು ನಿಲ್ಲಿಸಿದರು. "ಅಸುವಿನ ಆಲು" ಅಂತ ಓದಿದೆ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಮೇಷ್ಟ್ರೂ ನಕ್ಕರು, ಆಮೇಲೆ "ಇನ್ನೊಂದು ಸಲ ಹೇಳು" ಅಂದರು. ಇನ್ನೊಂದು ಸಲ ಹೇಳಿದೆ. ಮತ್ತೆ ನಕ್ಕರು. ಆ ವರ್ಷ ಪೂರ್ತಿ ನಾನು ಕೈ ಎತ್ತಿ ಒಂದು ಪ್ರಶ್ನೆ ಕೇಳಲಿಲ್ಲ.

ಈಗ ಯೋಚನೆ ಮಾಡಿ. ಪಾಲ್ ಹಾಲಾಯಿತು, ಹಾಲು ಆಲಾಯಿತು. 'ಪ' ಹೇಳಲು ಎರಡು ತುಟಿ ಮುಚ್ಚಬೇಕು. ತುಟಿ ಮುಚ್ಚುವುದು ಬಿಟ್ಟು ಬರೀ ಉಸಿರು ಉಳಿಸಿಕೊಂಡರೆ 'ಹ'. ಆ ಉಸಿರನ್ನೂ ಬಿಟ್ಟರೆ 'ಆಲು'. ಒಂದೇ ದಾರಿಯಲ್ಲಿ ಮೂರು ಹೆಜ್ಜೆ. ಎರಡನೇ ಹೆಜ್ಜೆ ಇಟ್ಟವರನ್ನು ಶಿಷ್ಟರು ಅಂತ, ಮೂರನೇ ಹೆಜ್ಜೆ ಇಟ್ಟವರನ್ನು ದಡ್ಡರು ಅಂತ ಕರೆಯಲು ಭಾಷೆಯೊಳಗೆ ಯಾವ ಕಾರಣವೂ ಇಲ್ಲ. ಪುಸ್ತಕದ ಬರವಣಿಗೆ ಎರಡನೇ ಹೆಜ್ಜೆಯಲ್ಲಿ ನಿಂತಿತು, ಅಷ್ಟೇ. ಕುಶಾಲನಗರದ ಸಂತೆ ದಿನ ಒಂದು ಗಂಟೆ ನಿಂತರೆ ಈ ಮೂರನ್ನೂ ಕೇಳಬಹುದು. ಸಾವಿರ ವರ್ಷದ ಬದಲಾವಣೆ ಒಂದೇ ಸಂತೆಯಲ್ಲಿ ಸಿಗುತ್ತದೆ.

ಪರೀಕ್ಷೆಯಲ್ಲಿ 'ಹಾಲು' ಅಂತಲೇ ಬರೆಯಬೇಕು. ಬರವಣಿಗೆಗೆ ಎಲ್ಲರೂ ಒಪ್ಪಿದ ಒಂದು ರೂಪ ಬೇಕು. ಅದನ್ನು ನಾನು ಮಕ್ಕಳಿಗೆ ಕಲಿಸುತ್ತೇನೆ. ಆದರೆ ಆಡುವ ಮಾತನ್ನು ನೋಡಿ ನಗಲು ಬಿಡುವುದಿಲ್ಲ.

ಹಾಗಾದರೆ ಕೊಡವ ತಕ್ಕ್ ಕನ್ನಡದ ಒಳನುಡಿಯಾ?

ಅಲ್ಲ. ಕೊಡವ ತಕ್ಕ್ ದ್ರಾವಿಡ ಕುಟುಂಬದ ಒಂದು ಬೇರೆಯೇ ಭಾಷೆ. ಕನ್ನಡದಿಂದ ಹುಟ್ಟಿದ್ದಲ್ಲ. ತಮಿಳು, ಮಲಯಾಳ, ಕನ್ನಡಗಳ ಜೊತೆ ಅದಕ್ಕೆ ಒಂದೇ ಮೂಲ, ಅಷ್ಟೇ. ಕನ್ನಡದಲ್ಲಿ ಇಲ್ಲದ ಸ್ವರಗಳು ಅದರಲ್ಲಿವೆ. ನಾಲಿಗೆಯ ನಡುಭಾಗ ಎತ್ತಿ ಹೇಳುವ ಆ ಸ್ವರಗಳನ್ನು ಕನ್ನಡ ಲಿಪಿಯಲ್ಲಿ ಬರೆಯಲು ಇವತ್ತಿಗೂ ಕಷ್ಟ. ಅಮೆರಿಕದ ಭಾಷಾ ವಿದ್ವಾಂಸ ಎಂ. ಬಿ. ಎಮಿನೊ ಈ ಸ್ವರಗಳ ಬಗ್ಗೆಯೇ ವಿವರವಾಗಿ ಬರೆದಿದ್ದಾರೆ. ಕ್ಯಾಪ್ಟನ್ ಕೋಲ್ ಅನ್ನುವ ಬ್ರಿಟಿಷ್ ಅಧಿಕಾರಿ ಅದಕ್ಕೂ ಮೊದಲೇ, 1867ರಲ್ಲಿ, ಕೊಡವ ಭಾಷೆಗೆ ವ್ಯಾಕರಣ ಬರೆದಿದ್ದರು.

ಗೊಂದಲ ಆಗಲು ಕಾರಣ ಇದೆ. ಬ್ರಿಟಿಷರಿಗಿಂತ ಮೊದಲು ಇಲ್ಲಿ ಆಳಿದ ಹಾಲೇರಿ ಅರಸರ ಕಾಲದಿಂದಲೂ ಕೊಡಗಿನಲ್ಲಿ ಆಡಳಿತ, ಲೆಕ್ಕ, ಪತ್ರ ಎಲ್ಲ ಕನ್ನಡದಲ್ಲೇ. ಮನೆಯಲ್ಲಿ ತಕ್ಕ್, ಕಚೇರಿಯಲ್ಲಿ ಕನ್ನಡ. ಬರೆಯಲು ಕನ್ನಡ ಲಿಪಿ. ಹಾಗಾಗಿ ಹೊರಗಿನವರು ಇದೂ ಒಂದು ಥರದ ಕನ್ನಡ ಅಂದುಕೊಂಡರು. 2011ರ ಜನಗಣತಿಯಲ್ಲಿ 1,13,857 ಜನ ಇದನ್ನು ತಾಯ್ನುಡಿ ಅಂತ ಬರೆಸಿದ್ದಾರೆ, ಅಲ್ಲಿಯೂ ಅದು ಬೇರೆ ಭಾಷೆಯಾಗಿಯೇ ಇದೆ.

ಅರೆಭಾಷೆ ಅಂದರೆ ಅರ್ಧ ಭಾಷೆಯಾ?

ಹೆಸರಿನಲ್ಲಿ 'ಅರೆ' ಇದೆ, ಮಾತಿನಲ್ಲಿ ಯಾವ ಕೊರತೆಯೂ ಇಲ್ಲ. ಜೋಗುಳ ಹಾಡಲು, ಜಗಳ ಆಡಲು, ಗದ್ದೆ ಪಾಲು ಮಾಡಲು, ಸತ್ತವರನ್ನು ನೆನೆದು ಅಳಲು ಸಾಕಾಗುವ ಮಾತು ಅರ್ಧ ಹೇಗಾಗುತ್ತದೆ?

ಅರೆಭಾಷೆ ಆಡುವ ಗೌಡರು ಭಾಗಮಂಡಲ, ಮಡಿಕೇರಿ, ಸಂಪಾಜೆ, ಸುಳ್ಯದ ಉದ್ದಕ್ಕೂ ಇದ್ದಾರೆ. ಅವರ ಹಿರಿಯರು ಸಕಲೇಶಪುರ ಕಡೆಯ ಐಗೂರು ಸೀಮೆಯಿಂದ ಘಟ್ಟ ಇಳಿದು ತುಳುನಾಡಿಗೆ ಬಂದು, ಅಲ್ಲಿಂದ ಕೆಲವರು ಕೊಡಗಿಗೆ ಹತ್ತಿದರು ಅಂತ ಮನೆಮನೆಯಲ್ಲಿ ಹೇಳುತ್ತಾರೆ. ಮಾತು ನೋಡಿದರೂ ಹಾಗೇ ಅನಿಸುತ್ತದೆ. ಬೇರು ಕನ್ನಡದ್ದು, ತುಳುವಿನ ಒಡನಾಟ ಎದ್ದು ಕಾಣುತ್ತದೆ.

'ಉಟ್ಟು' ಅನ್ನುವ ಒಂದೇ ಪದ ತೆಗೆದುಕೊಳ್ಳಿ. 'ಉಂಟು' ಪದದಲ್ಲಿದ್ದ ಮೂಗಿನ ಸದ್ದು ಬಿದ್ದುಹೋಗಿ 'ಟ' ಒತ್ತಾಗಿದೆ. ಇದೇನು ವಿಚಿತ್ರ ಅಲ್ಲ. ಹಳಗನ್ನಡದ 'ದಾಂಟು' ನಮ್ಮ ಎಲ್ಲರ ಬಾಯಲ್ಲಿ 'ದಾಟು' ಆಗಿದೆ, ಅಲ್ಲೂ ಮೂಗಿನ ಸದ್ದೇ ಹೋಗಿದ್ದು. ನಾವು ದಾಟಿದ್ದನ್ನು ಯಾರೂ ತಪ್ಪು ಅನ್ನಲಿಲ್ಲ.

ಮಡಿಕೇರಿಯಲ್ಲಿ ನಾನು ಓದುವಾಗ ಪಕ್ಕದ ಮನೆಯಲ್ಲಿ ಅರೆಭಾಷೆಯ ಅಜ್ಜಿ ಇದ್ದರು. ನನ್ನನ್ನು ಯಾವತ್ತೂ ಹೆಸರು ಹಿಡಿದು ಕರೆಯಲಿಲ್ಲ, "ಗೂಡೆ" ಅನ್ನುತ್ತಿದ್ದರು. ಹುಡುಗಿ ಅಂತ ಅರ್ಥ. ಹುಡುಗ ಆದರೆ ಹೈದ. ಶಾಲೆಯಲ್ಲಿ ಬಾಯಿ ಬಿಡದ ನಾನು ಅವರ ಜಗಲಿಯಲ್ಲಿ ಕೂತು ನಮ್ಮ ಊರಿನ ಮಾತಿನಲ್ಲೇ ಹರಟುತ್ತಿದ್ದೆ. ಅವರದು ಅವರ ಮಾತು, ನನ್ನದು ನನ್ನ ಮಾತು. ಒಂದು ದಿನವೂ ಅರ್ಥ ಆಗದೆ ಇರಲಿಲ್ಲ.

ಭಾಷೆ ಯಾವುದು, ಒಳನುಡಿ ಯಾವುದು ಅಂತ ತೀರ್ಮಾನ ಮಾಡುವವರು ಯಾರು?

ಸಾಮಾನ್ಯವಾಗಿ ಹೇಳುವ ಅಳತೆ ಇದು: ಇಬ್ಬರು ತಮ್ಮ ತಮ್ಮ ಮಾತಿನಲ್ಲೇ ಮಾತಾಡಿ ಒಬ್ಬರಿಗೊಬ್ಬರು ಅರ್ಥ ಆದರೆ ಅವು ಒಂದೇ ಭಾಷೆಯ ಒಳನುಡಿಗಳು. ಅರ್ಥ ಆಗದಿದ್ದರೆ ಬೇರೆ ಭಾಷೆಗಳು. ಕೇಳಲು ಸುಲಭ. ಆದರೆ ಅರ್ಥ ಆಗುವುದು ಎಷ್ಟು ಒಡನಾಟ ಇದೆ ಅನ್ನುವುದರ ಮೇಲೂ ನಿಂತಿದೆ. ಮಡಿಕೇರಿಯ ವ್ಯಾಪಾರಿಗೆ ಕೊಡವ ತಕ್ಕ್ ಅರ್ಥ ಆಗುತ್ತದೆ ಅಂದ ಮಾತ್ರಕ್ಕೆ ಅದು ಕನ್ನಡ ಆಗಲಿಲ್ಲ.

ನೀಲಗಿರಿಯ ಬಡಗ ಒಳ್ಳೆಯ ಉದಾಹರಣೆ. ಮೈಸೂರು ಕಡೆಯಿಂದ ಬೆಟ್ಟ ಹತ್ತಿದವರ ಮಾತು ಅದು. ಜನಗಣತಿ ಅದನ್ನು ಕನ್ನಡದ ಅಡಿಯಲ್ಲಿ ಎಣಿಸುತ್ತದೆ. ಹಲವು ಭಾಷಾ ವಿದ್ವಾಂಸರು ಬೇರೆ ಭಾಷೆ ಅನ್ನುತ್ತಾರೆ. ನಮ್ಮ ನಾಗರಹೊಳೆ ಅಂಚಿನ ಹಾಡಿಗಳ ಜೇನು ಕುರುಬರ ಮಾತಿನ ಬಗ್ಗೆಯೂ ಇದೇ ಚರ್ಚೆ ಇದೆ. ಆಡುವ ಜನ ತಮ್ಮ ಮಾತನ್ನು ಏನಂತ ಕರೆಯುತ್ತಾರೆ, ಮೊದಲು ಅದನ್ನು ಕೇಳಬೇಕು. ನನ್ನ ಮಟ್ಟಿಗೆ ಅದಕ್ಕೇ ಹೆಚ್ಚು ತೂಕ.

ಬೆಟ್ಟ, ಮಳೆ, ಗಡಿ ಇವಕ್ಕೂ ಮಾತಿಗೂ ಏನು ಸಂಬಂಧ?

ತುಂಬ ಇದೆ. ರಸ್ತೆ ಇಲ್ಲದ ಕಾಲದಲ್ಲಿ ಭಾಗಮಂಡಲದ ಆಚೆಯ ಹಳ್ಳಿಗಳಿಗೆ ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆ ಅಂದರೆ ತಿಂಗಳುಗಟ್ಟಲೆ ಹೊರಗಿನ ಸಂಪರ್ಕವೇ ಇಲ್ಲ. ಹೊಳೆ ತುಂಬಿದರೆ ಆಚೆ ದಡದ ನೆಂಟರೂ ದೂರ. ಹೀಗೆ ಗುಂಪು ಗುಂಪಾಗಿ ಬದುಕಿದವರ ಮಾತಿನಲ್ಲಿ ಸಣ್ಣ ಸಣ್ಣ ವ್ಯತ್ಯಾಸ ಸೇರುತ್ತಾ ಹೋಗುತ್ತವೆ. ಉತ್ತರದ ಸೋಮವಾರಪೇಟೆ ಕಡೆ ಇಂಥ ಗೋಡೆ ಇಲ್ಲ. ಹಾಸನದ ಕಡೆಗೆ ನೆಲ ತೆರೆದುಕೊಂಡಿದೆ, ನಮ್ಮ ಮಾತೂ ಅತ್ತಲೇ ತೆರೆದುಕೊಂಡಿದೆ. ದಕ್ಷಿಣದ ಕುಟ್ಟ ದಾಟಿದರೆ ವಯನಾಡು, ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದರೆ ಇರಿಟ್ಟಿ. ಆ ಕಡೆಯ ಮಾತಿನಲ್ಲಿ ಮಲಯಾಳದ ಗಾಳಿ ಇರುವುದು ಸಹಜ.

ಸರ್ಕಾರ ಎಳೆದ ಗಡಿಯೂ ಕೆಲಸ ಮಾಡುತ್ತದೆ, ಆದರೆ ನಿಧಾನವಾಗಿ. ಹಾಲೇರಿ ಅರಸರ ಕಾಲದಲ್ಲಿ ಅಮರ ಸುಳ್ಯ ಸೀಮೆ ಕೊಡಗಿಗೆ ಸೇರಿತ್ತು. 1834ರಲ್ಲಿ ಬ್ರಿಟಿಷರು ಕೊಡಗನ್ನು ತಮ್ಮ ಕೈಗೆ ತೆಗೆದುಕೊಂಡ ಮೇಲೆ ಅದನ್ನು ಕರಾವಳಿಯ ಕೆನರಾ ಜಿಲ್ಲೆಗೆ ಸೇರಿಸಿದರು. ಘಾಟಿ ಮೇಲಿನ ಅರೆಭಾಷೆಯವರು ಒಂದು ಆಡಳಿತಕ್ಕೆ, ಕೆಳಗಿನವರು ಇನ್ನೊಂದಕ್ಕೆ ಸೇರಿದರು. ಆದರೂ ಹೆಣ್ಣು ಕೊಡುವುದು, ತರುವುದು ನಿಲ್ಲಲಿಲ್ಲ. ಹಾಗಾಗಿ ಮಾತು ಎರಡು ಹೋಳಾಗಲಿಲ್ಲ. ಸೊಸೆಯಂದಿರು ಗಡಿ ದಾಟುವವರೆಗೆ ಮಾತೂ ದಾಟುತ್ತದೆ.

ಒಂದೇ ಊರಿನಲ್ಲಿ ಜಾತಿಯಿಂದ ಜಾತಿಗೆ ಮಾತು ಬೇರೆ ಇರುತ್ತದಲ್ವಾ?

ಹೌದು, ಮತ್ತು ಇದನ್ನು ಮುಚ್ಚಿಡಬಾರದು. ಯಾರ ಜೊತೆ ಊಟ, ಯಾರ ಜೊತೆ ಮದುವೆ, ಯಾರ ಅಂಗಳದವರೆಗೆ ಮಾತ್ರ ಹೋಗಬಹುದು, ಇದನ್ನೆಲ್ಲ ಜಾತಿ ತೀರ್ಮಾನ ಮಾಡುತ್ತಿತ್ತು. ಬೆಟ್ಟ ಮಾಡುವ ಕೆಲಸವನ್ನೇ ಒಂದು ಬೀದಿಯೂ ಮಾಡಿತು. ನೂರು ಅಡಿ ದೂರದ ಎರಡು ಕೇರಿಗಳು ಮಾತಿನ ಲೆಕ್ಕದಲ್ಲಿ ನೂರು ಮೈಲಿ ದೂರ ಆದವು.

ವಿಲಿಯಂ ಬ್ರೈಟ್ ಅನ್ನುವ ವಿದ್ವಾಂಸರು ಕನ್ನಡದ ಜಾತಿ ನುಡಿಗಳನ್ನು ಗಮನಿಸಿ 1960ರಲ್ಲಿ ಬರೆದರು. ಅವರು ಕಂಡಿದ್ದು ಹೀಗೆ. ಓದು ಬರಹ ಇದ್ದ ಬ್ರಾಹ್ಮಣರ ಮಾತಿನಲ್ಲಿ ಬದಲಾವಣೆ ಹೆಚ್ಚಾಗಿ ಪದಗಳಲ್ಲಿ, ಹೊರಗಿನಿಂದ ತಂದ ಸದ್ದುಗಳಲ್ಲಿ ಆಗಿದೆ. ಅಂದರೆ ಗೊತ್ತಿದ್ದು ಮಾಡಿಕೊಂಡ ಬದಲಾವಣೆ. ಉಳಿದವರ ಮಾತಿನಲ್ಲಿ ಸದ್ದುಗಳು ತಮ್ಮಷ್ಟಕ್ಕೆ ಬದಲಾಗಿವೆ. ಬರವಣಿಗೆ ಹತ್ತಿರ ಇದ್ದವರಿಗೆ ಅದು ಕಡಿವಾಣ ಹಾಕಿತು, ಬರವಣಿಗೆಯಿಂದ ದೂರ ಇಟ್ಟವರಿಗೆ ಆ ಕಡಿವಾಣ ಇರಲಿಲ್ಲ.

ಹಾಗಾಗಿ 'ಆಲು' ಅಂದವರನ್ನು ನೋಡಿ ನಕ್ಕಾಗ ಆ ನಗು ಬರೀ ಉಚ್ಚಾರದ ಮೇಲೆ ಬೀಳುವುದಿಲ್ಲ. ಅವರ ಅಜ್ಜ ಅಜ್ಜಿಗೆ ಶಾಲೆಯ ಬಾಗಿಲು ತೆರೆಯದೆ ಇದ್ದದ್ದರ ಮೇಲೂ ಬೀಳುತ್ತದೆ. ನಗುವ ಮಕ್ಕಳಿಗೆ ಇದು ಗೊತ್ತಿರುವುದಿಲ್ಲ. ನಾವು ಹೇಳಬೇಕು.

ಕಾಫಿ ತೋಟಗಳಲ್ಲಿ ಇಷ್ಟು ಭಾಷೆ ಬೆರೆತಿವೆ. ಅಲ್ಲಿ ಏನಾಗುತ್ತದೆ?

ನಮ್ಮಪ್ಪ ಒಂದು ತೋಟದಲ್ಲಿ ರೈಟರ್ ಆಗಿದ್ದರು. ಕಾಫಿ ಕುಯ್ಲಿನ ದಿನಗಳಲ್ಲಿ ಸಂಜೆ ತೂಕದ ಹೊತ್ತಿಗೆ ನಾನೂ ಹೋಗಿ ನಿಲ್ಲುತ್ತಿದ್ದೆ. ಚೀಲ ತಕ್ಕಡಿಗೆ ಏರುತ್ತಿತ್ತು, ಅಪ್ಪ ಕಿಲೋ ಕೂಗಿ ಪುಸ್ತಕದಲ್ಲಿ ಬರೆಯುತ್ತಿದ್ದರು. ತಮಿಳಿನ ಅಕ್ಕ ಬಂದರೆ ತಮಿಳಿನಲ್ಲೇ ಲೆಕ್ಕ. ಯರವ ಬುಡಕಟ್ಟಿನ ಹುಡುಗ ಬಂದರೆ ಅವನಿಗೆ ಗೊತ್ತಿರುವಷ್ಟು ಕನ್ನಡ, ಇವರಿಗೆ ಗೊತ್ತಿರುವಷ್ಟು ಯರವ. ಹುಣಸೂರು ಕಡೆಯವರು ಬಂದಾಗ ಅಪ್ಪನ ಮಾತು ಸಡಿಲವಾಗಿ ಮನೆಯ ಮಾತಾಗುತ್ತಿತ್ತು, 'ಹ' ಮಾಯ. ತೋಟದ ಯಜಮಾನರು ಬಂದು ನಿಂತರೆ ಬೆನ್ನು ನೇರ ಆಗುತ್ತಿತ್ತು, 'ಹ' ವಾಪಸ್ ಬರುತ್ತಿತ್ತು. ಅರ್ಧ ಗಂಟೆಯಲ್ಲಿ ಒಬ್ಬ ಮನುಷ್ಯನ ಬಾಯಲ್ಲಿ ನಾಲ್ಕೈದು ಬಗೆಯ ಮಾತು.

ಎದುರಿಗಿರುವವರ ಹತ್ತಿರ ಹೋಗಬೇಕು ಅನಿಸಿದಾಗ ಮಾತು ಅವರ ಕಡೆ ವಾಲುತ್ತದೆ. ದಿನಾ ವಾಲಿದರೆ ಅಲ್ಲೇ ನೆಲೆಯಾಗುತ್ತದೆ. ದೊಡ್ಡವರು ಕಷ್ಟಪಟ್ಟು ಬೆರೆಸಿ ಮಾತಾಡುತ್ತಾರೆ. ಲೈನ್‌ಮನೆಯಲ್ಲಿ, ಅಂದರೆ ತೋಟದ ಕೆಲಸಗಾರರ ಸಾಲುಮನೆಯಲ್ಲಿ, ಒಟ್ಟಿಗೆ ಆಡಿ ಬೆಳೆದ ಮಕ್ಕಳು ಆ ಬೆರಕೆಯನ್ನೇ ಹದ ಮಾಡಿ ತಮ್ಮ ಮಾತು ಮಾಡಿಕೊಳ್ಳುತ್ತಾರೆ. ಮಕ್ಕಳ ಉಚ್ಚಾರ ಅಪ್ಪ ಅಮ್ಮನಿಗಿಂತ ಜೊತೆಯ ಮಕ್ಕಳದ್ದನ್ನು ಹೆಚ್ಚು ಹೋಲುತ್ತದೆ. ಈಗ ಅದೇ ಲೈನ್‌ಮನೆಗಳಿಗೆ ಅಸ್ಸಾಂ, ಬಂಗಾಳದಿಂದ ಜನ ಬಂದಿದ್ದಾರೆ. ಅವರ ಮಕ್ಕಳು ನನ್ನ ಕ್ಲಾಸಿನಲ್ಲಿದ್ದಾರೆ, ಚೆನ್ನಾಗಿ ಕನ್ನಡ ಮಾತಾಡುತ್ತಾರೆ. ಅವರ ಕನ್ನಡದ ರಾಗ ಬೇರೆ ಇದೆ. ಇನ್ನು ಮೂವತ್ತು ವರ್ಷಕ್ಕೆ ಅದೂ ಕೊಡಗಿನ ಒಂದು ಕನ್ನಡ ಆಗಿರಬಹುದು.

ಹಳೆಯ ಪದಗಳು ಅಂಚಿನ ಊರುಗಳಲ್ಲೇ ಯಾಕೆ ಉಳಿಯುತ್ತವೆ?

ಬದಲಾವಣೆ ಹೆಚ್ಚಾಗಿ ಪೇಟೆಯಲ್ಲಿ ಹುಟ್ಟಿ ರಸ್ತೆ ಹಿಡಿದು ಹೊರಗೆ ಹೋಗುತ್ತದೆ. ಅಂಚಿಗೆ ತಲುಪುವ ಮೊದಲೇ ಬಲ ಕಳೆದುಕೊಳ್ಳುತ್ತದೆ. ಹವ್ಯಕರು ಇವತ್ತಿಗೂ 'ನಾನು' ಅನ್ನಲು 'ಆನು' ಅನ್ನುತ್ತಾರೆ. ಅದು ಹಳಗನ್ನಡದ 'ಆನ್'.

'ಕೂಳು' ಪದದ ಕಥೆ ನನಗೆ ತುಂಬ ಮುಖ್ಯ ಅನಿಸುತ್ತದೆ. ಹಳಗನ್ನಡದಲ್ಲಿ ಅದು ಮರ್ಯಾದೆಯ ಪದ, ಅನ್ನ ಅಂತಲೇ ಅರ್ಥ. ಆಮೇಲೆ ಸಂಸ್ಕೃತದ 'ಅನ್ನ' ಒಳಗೆ ಬಂದು ಮೇಲೆ ಕೂತಿತು. ಕೂಳು ಕೆಳಗಿಳಿದು ಬೈಗುಳವಾಯಿತು. ಕೊಡವ ತಕ್ಕಿನಲ್ಲಿ ಕೂಳ್ ಅನ್ನುವುದು ಇವತ್ತಿಗೂ ಊಟದ ಸಹಜ ಪದ. ಕೊಡವರ ಮನೆಗೆ ಮೊದಲ ಸಲ ಹೋದ ಕನ್ನಡದವರು ಈ ಪದ ಕೇಳಿ ಮುಖ ಸಣ್ಣ ಮಾಡಿಕೊಂಡಿದ್ದನ್ನು ನಾನೇ ನೋಡಿದ್ದೇನೆ. ಮನೆಯವರು ಪ್ರೀತಿಯಿಂದಲೇ ಊಟಕ್ಕೆ ಕರೆದಿದ್ದರು.

ಅರ್ಥವೂ ಹೀಗೇ ದಾರಿ ಬದಲಿಸುತ್ತದೆ. ಕನ್ನಡದ ನರಿ ಗೊತ್ತಲ್ವಾ? ಕೊಡವ ತಕ್ಕಿನಲ್ಲಿ ನರಿ ಅಂದರೆ ಹುಲಿ. ಹಿಂದೆ ಹುಲಿ ಕೊಂದ ವೀರನಿಗೆ ಮಾಡುತ್ತಿದ್ದ ಗೌರವಕ್ಕೆ ನರಿ ಮಂಗಲ ಅಂತ ಹೆಸರು.

ಜನ ಬೇಕು ಅಂತಲೇ ಬೇರೆ ಥರ ಮಾತಾಡುತ್ತಾರಾ?

ಗೊತ್ತಿಲ್ಲದೆಯೇ ಮಾಡುತ್ತಾರೆ, ಆದರೆ ಕಾರಣ ಇರುತ್ತದೆ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಮಾರ್ಥಾಸ್ ವೈನ್‌ಯಾರ್ಡ್ ಅನ್ನುವ ದ್ವೀಪ ಇದೆ. ಬೇಸಿಗೆ ಬಂತು ಅಂದರೆ ಪ್ರವಾಸಿಗರು ತುಂಬಿ ತುಳುಕುತ್ತಾರೆ, ಮನೆ ಜಾಗ ಕೊಳ್ಳುತ್ತಾರೆ. ವಿಲಿಯಂ ಲೆಬೊವ್ ಅನ್ನುವ ಭಾಷಾ ವಿದ್ವಾಂಸರು ಅಲ್ಲಿಯ ಜನರ ಮಾತು ಧ್ವನಿಮುದ್ರಣ ಮಾಡಿ 1963ರಲ್ಲಿ ಪ್ರಕಟಿಸಿದರು. ಕೆಲವು ಸ್ವರಗಳನ್ನು ದ್ವೀಪದವರು ಹಳೆಯ ರೀತಿಯಲ್ಲಿ, ಬಾಯಿ ಪೂರ್ತಿ ತೆರೆಯದೆ ಹೇಳುತ್ತಿದ್ದರು. ಇದು ಸಾಯುತ್ತಿರಬೇಕಿತ್ತು. ಆದರೆ ಜಾಸ್ತಿ ಆಗುತ್ತಿತ್ತು. ಯಾರಲ್ಲಿ? ಮೀನು ಹಿಡಿಯುವವರಲ್ಲಿ, ಮೂವತ್ತು ದಾಟಿದವರಲ್ಲಿ, ಏನೇ ಆದರೂ ಈ ದ್ವೀಪ ಬಿಟ್ಟು ಹೋಗುವುದಿಲ್ಲ ಅಂದವರಲ್ಲಿ. ಹೊರಗೆ ಹೋಗಿ ಬದುಕಬೇಕು ಅಂದುಕೊಂಡ ಹುಡುಗರಲ್ಲಿ ಅದು ಕಡಿಮೆ ಇತ್ತು. ನಾನು ಇಲ್ಲಿಯವನು ಅಂತ ಅವರ ಸ್ವರವೇ ಹೇಳುತ್ತಿತ್ತು.

ಇದನ್ನು ಓದಿದಾಗ ನನಗೆ ಕಂಡಿದ್ದು ನಮ್ಮ ಊರು. ಶನಿವಾರ ಭಾನುವಾರ ರಾಜಾಸೀಟು, ಅಬ್ಬಿ ಫಾಲ್ಸ್ ರಸ್ತೆಯಲ್ಲಿ ಹೊರಗಿನ ಕಾರುಗಳೇ. ಹೋಂಸ್ಟೇ ನಡೆಸುವ ಹುಡುಗ ಅತಿಥಿಗಳ ಎದುರು ಬೆಂಗಳೂರಿನ ಕನ್ನಡ ಆಡುತ್ತಾನೆ. ಒಳಗೆ ಬಂದು ಅಮ್ಮನ ಹತ್ತಿರ ಮಾತಾಡುವಾಗ ಮನೆಯ ಮಾತು ಮೊದಲಿಗಿಂತ ಗಟ್ಟಿಯಾಗಿ ಬರುತ್ತದೆ. ನಾನು ಯಾರು ಅನ್ನುವುದನ್ನು ಉಳಿಸಿಕೊಳ್ಳಲು ಅವನ ಕೈಯಲ್ಲಿ ಇರುವುದು ಆ ಮಾತು.

ಹಿಂದಿನ ಕಾಲದಲ್ಲಿ ಎಲ್ಲರೂ ಒಂದೇ ಶುದ್ಧ ಕನ್ನಡ ಆಡುತ್ತಿದ್ದರಲ್ವಾ?

ಇಲ್ಲ. ಒಂಬತ್ತನೇ ಶತಮಾನದ ಕವಿರಾಜಮಾರ್ಗವೇ ಸಾಕ್ಷಿ. ನಮಗೆ ಸಿಕ್ಕಿರುವ ಕನ್ನಡದ ಮೊದಲ ಗ್ರಂಥ ಅದು. ಕಾವೇರಿಯಿಂದ ಗೋದಾವರಿವರೆಗೆ ಕನ್ನಡ ನಾಡು ಅಂತ ಅದು ಹೇಳುವುದು ಎಲ್ಲರಿಗೂ ಬಾಯಿಪಾಠ. ಅದರಲ್ಲೇ ಇನ್ನೊಂದು ಮಾತಿದೆ: 'ಕನ್ನಡಂಗಳೊಳ್' ದೇಸಿ ಬೇರೆ ಬೇರೆ ಆಗಿರುವುದರಿಂದ ಸಾವಿರ ನಾಲಿಗೆಯ ವಾಸುಕಿಯೂ ಅದನ್ನೆಲ್ಲ ತಿಳಿಯಲಾರದೆ ಬೇಸರಗೊಳ್ಳುತ್ತಾನೆ. ಕನ್ನಡ ಅಲ್ಲ, ಕನ್ನಡಗಳು. ಆಗಲೇ ಬಹುವಚನ.

ಟೀವಿ, ಮೊಬೈಲ್ ಬಂದ ಮೇಲೆ ಒಳನುಡಿಗಳು ಸಾಯುತ್ತವಾ?

ಪದಗಳು ಬೇಗ ಹರಡುತ್ತವೆ. ಧಾರಾವಾಹಿಯ ಮಾತು, ಬೆಂಗಳೂರಿನ "ಮಗಾ" ನಮ್ಮ ಹುಡುಗರ ಬಾಯಲ್ಲೂ ಇದೆ. ಆದರೆ ಸದ್ದು, ರಾಗ ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ. ಟೀವಿ ನಮ್ಮ ಜೊತೆ ಮಾತಾಡುತ್ತದೆ, ನಾವು ಅದಕ್ಕೆ ಉತ್ತರ ಕೊಡುವುದಿಲ್ಲ. ಎದುರುಬದುರು ಮಾತಿನಲ್ಲೇ ನಾಲಿಗೆ ತಿರುಗುವುದು. ಮನೆಮನೆಗೂ ಟೀವಿ ಬಂದು ಐವತ್ತು ವರ್ಷ ಆದ ಮೇಲೂ ಅಮೆರಿಕದ ದೊಡ್ಡ ನಗರಗಳ ಇಂಗ್ಲಿಷ್ ಒಂದರಿಂದ ಒಂದು ದೂರ ಸರಿಯುತ್ತಿರುವುದನ್ನು ಲೆಬೊವ್ ಮತ್ತು ಜೊತೆಗಾರರು ತೋರಿಸಿದ್ದಾರೆ.

ನನಗೆ ಭಯ ಇರುವುದು ಬೇರೆ ಕಡೆ. ಮಗು ಮನೆಯ ಮಾತು ಆಡಿದಾಗ "ಸರಿಯಾಗಿ ಮಾತಾಡು" ಅಂತ ಅಪ್ಪ ಅಮ್ಮನೇ ತಿದ್ದುವುದು. ನಾಚಿಕೆ ಹುಟ್ಟಿದ ಮನೆಯಲ್ಲಿ ಮಾತು ಒಂದೇ ತಲೆಮಾರಿಗೆ ಹೋಗುತ್ತದೆ.

ಮನೆ ಮಾತು ಆಡಿದರೆ ಮಗುವಿನ ಶಾಲೆಯ ಕನ್ನಡ ಕೆಡುತ್ತದಾ?

ಇಲ್ಲ. ಎರಡು ಮಾತು ಇಟ್ಟುಕೊಳ್ಳುವುದು ಮಕ್ಕಳಿಗೆ ಭಾರ ಅಲ್ಲ. ಕೊಡಗಿನಲ್ಲಿ ಮೂರು ನಾಲ್ಕು ಭಾಷೆ ಆಡುವ ಮಕ್ಕಳು ಬೀದಿಗೊಬ್ಬರು ಸಿಗುತ್ತಾರೆ. "ಮನೆಯಲ್ಲಿ ಹೀಗೆ, ಬರೆಯುವಾಗ ಹೀಗೆ" ಅಂತ ಒಂದು ಸಲ ಬಿಡಿಸಿ ಹೇಳಿದರೆ ಸಾಕು.

ನಮ್ಮ ಊರಿನ ಮಾತು ಉಳಿಸಲು ನಾನೇನು ಮಾಡಬಹುದು?

ಮಡಿಕೇರಿಯಲ್ಲಿ ಎರಡು ಅಕಾಡೆಮಿಗಳಿವೆ. ಕೊಡವ ಸಾಹಿತ್ಯ ಅಕಾಡೆಮಿ 1994ರಲ್ಲಿ, ಅರೆಭಾಷೆ ಅಕಾಡೆಮಿ 2011ರಲ್ಲಿ ಶುರುವಾದವು. ಪುಸ್ತಕ ತರುವುದು, ನಾಟಕ, ಪದಗಳ ಸಂಗ್ರಹ ಎಲ್ಲ ನಡೆಯುತ್ತದೆ. ಹೋಗಿ ನೋಡಿ. ಆದರೆ ಯರವರ ಹಾಡಿಯ ಮಾತಿಗೆ, ನಮ್ಮ ಶನಿವಾರಸಂತೆಯ 'ಆಲು' ಕನ್ನಡಕ್ಕೆ ಯಾವ ಅಕಾಡೆಮಿಯೂ ಇಲ್ಲ. ಅದನ್ನು ನಾವೇ ಮಾಡಬೇಕು.

ನನ್ನ ಕ್ಲಾಸಿನ ಮಕ್ಕಳಿಗೆ ಬೇಸಿಗೆ ರಜೆಯಲ್ಲಿ ಕೊಡುವ ಕೆಲಸ ಇದು. ಮನೆಯ ಹಿರಿಯರ ಜೊತೆ ಕೂತು ಫೋನಿನಲ್ಲಿ ಧ್ವನಿ ಹಿಡಿಯಬೇಕು. ಮೊದಲೇ ಕೇಳಿ, ಅವರು ಒಪ್ಪಿದರೆ ಮಾತ್ರ. "ಪದ ಹೇಳಿ" ಅಂತ ಕೇಳಬೇಡಿ, ಹಾಗೆ ಕೇಳಿದರೆ ಪುಸ್ತಕದ ಪದ ಬರುತ್ತದೆ. "ನಿಮ್ಮ ಮದುವೆ ದಿನ ಮಳೆ ಬಂದಿತ್ತಾ?", "ಆಗ ಗದ್ದೆ ನಾಟಿ ಹೇಗೆ ಮಾಡ್ತಿದ್ರಿ?" ಅಂತ ಕೇಳಿ, ಸುಮ್ನೆ ಕೂತು ಕೇಳಿಸಿಕೊಳ್ಳಿ. ಬರೆಯುವಾಗ ಅವರು ಹೇಳಿದ ಹಾಗೇ ಬರೆಯಿರಿ. ಅಜ್ಜಿ 'ಅಸು' ಅಂದರೆ 'ಅಸು', ತಿದ್ದಿ 'ಹಸು' ಮಾಡಬೇಡಿ. ಕೊನೆಗೆ ತಾರೀಖು, ಊರು, ಅವರು ಹುಟ್ಟಿದ ಊರು, ಮದುವೆಯಾಗಿ ಬಂದ ಊರು ಬರೆದಿಡಿ. ಕಳೆದ ವರ್ಷ ಒಬ್ಬಳು ಹುಡುಗಿ ತನ್ನ ಮುತ್ತಜ್ಜಿಯ ನಲವತ್ತು ನಿಮಿಷದ ಮಾತು ತಂದಳು. ನೇಗಿಲಿನ ಬಿಡಿ ಭಾಗಗಳಿಗೇ ಅದರಲ್ಲಿ ಒಂಬತ್ತು ಹೆಸರು ಇದ್ದವು. ಅವುಗಳಲ್ಲಿ ಐದು ನನಗೂ ಹೊಸವು.